ಇವತ್ತು ಐವತ್ತೇಳು

...ಅಲ್ಲಯ್ಯ, ನಗ್ತಿರೋದು ನೀನಾ ನಾನಾ? ನಾನೇ ಇರಬೇಕು. ಬೆಳಗ್ಗೆಯಿಂದ ಹೀಗೇ... ಬಾಯಿ ಮುಚ್ಚೋಕೇ ಆಗ್ತಿಲ್ಲ. ಇರು, ಮೊದಲು ಈ ಅಡ್ಡಕಂಬಿ ಇಳಿಸ್ತೀನಿ. ಮೊಣಕೈ ಒಳಗೆ ತಗೋ. ಹಾಂ. ಸ್ಕೀ ಎರಡನ್ನೂ ಕಾಲಿಡೋ ಪಟ್ಟಿ ಮೇಲೆ ಇಡು, ಇನ್ನೂ ಸ್ವಲ್ಪ ಎಡಕ್ಕೆ... ಸಿಕ್ತಾ? ಸಿಕ್ತು. ಇನ್ನು ಹನ್ನೊಂದು ನಿಮಿಷ ಈ ಲಿಫ್ಟಿನ ತೂಗುಕುರ್ಚಿಯಿಂದ ನಮ್ಮಿಬ್ಬರನ್ನ ದೇವರು ಬಂದ್ರೂ ಇಳಿಸೋಕಾಗಲ್ಲ. ಮೇಲೆ ಆಕಾಶ, ಕೆಳಗೆ ಹಿಮ, ನಡುವೆ ನಾವಿಬ್ಬರು, ಒಬ್ಬ ಮುದುಕ, ಒಬ್ಬ ಮುದುಕಿ.

ಮುಖ ಯಾಕೆ ಹಂಗಿದೆ? ಭಯನಾ? ಕಾಸಿಯಾನ್, ಹೋಗಿರೋದು ಕಣ್ಣು, ಕಾಲಲ್ಲ. ನಾಲ್ಕು ವರ್ಷದವನಾಗಿದ್ದಾಗಿಂದ ಈ ಇಳಿಜಾರಲ್ಲಿ ಬಿದ್ದೆದ್ದವನು ನೀನು. ನಾನು ಮುಂದೆ ಹೋಗ್ತೀನಿ, ಕೂಗ್ತಾ ಹೋಗ್ತೀನಿ. ಎಡ ಅಂದ್ರೆ ಎಡ, ಬಲ ಅಂದ್ರೆ ಬಲ. ನಿಲ್ಲು ಅಂದ್ರೆ ಯಾಕೆ ಏನು ಅನ್ನದೆ ಅಲ್ಲೇ ಕೂತುಬಿಡು. ನಿನ್ನ ತೋಳಿಗೆ ಹಳದಿ ಪಟ್ಟಿ ಕಟ್ಟಿದೀನಿ, ಮೂರು ಕಪ್ಪು ಚುಕ್ಕೆ ಇರೋದು. ಕಣ್ಣು ಕಾಣದವನು ಬರ್ತಿದಾನೆ ಅಂತ ನೋಡಿದೋರು ತಾವಾಗೇ ದಾರಿ ಬಿಡ್ತಾರೆ. ನನ್ನ ಧ್ವನಿ ಹಿಡ್ಕೊಂಡು ಬಾ, ಅಷ್ಟೇ.

ಏನು? 'ನೀನು' ಅಂದೆ ಅಂತನಾ? ಹೌದಪ್ಪ, ಫೋನಲ್ಲಿ 'ನೀವು' ಅಂತಿದ್ದೆ. ಇನ್ಸ್‌ಬ್ರುಕ್ ಪೇಟೇಲಿ ಮಗಳು ಆಗ್ನೆಸ್ ಮನೆ ಸೋಫಾ ಮೇಲೆ ಕೂತಿರೋ ಯಜಮಾನರಿಗೆ ಮರ್ಯಾದೆ ಕೊಡಬೇಡ್ವಾ? ಇಲ್ಲಿ ಬೆಟ್ಟದ ಮೇಲೆ ಯಾರು ಯಾರಿಗೆ ನೀವು ಅಂದಿದಾರೆ. ವಾಪಸ್ ಪೇಟೆಗೆ ಹೋದ್ಮೇಲೆ ಬೇಕಾದಷ್ಟು ಅನ್ನಿಸಿಕೋ.

ಬೆಳಗ್ಗೆ ಅಳತೆಕೋಲಿಗೆ ನಿನ್ನ ಕೈ ಹಿಡಿಸಿದೆನಲ್ಲ. ಅದೇ ಕೋಲು. ನೀನೇ ಚಾಕು ಹಿಡಿದು ಗೀರು ಹಾಕಿದ್ದು, ಐದು ಸೆಂಟಿಗೊಂದು ಸಣ್ಣದು, ಹತ್ತಕ್ಕೊಂದು ದೊಡ್ಡದು, ಕತ್ತಲಲ್ಲೂ ಬೆರಳಿಗೆ ತಿಳೀಲಿ ಅಂತ. ಮೂವತ್ತೊಂದು ವರ್ಷ ನೀನು ಅಳೆದೆ, ಹನ್ನೆರಡು ವರ್ಷದಿಂದ ನಾನು ಅಳೀತಿದೀನಿ. ದಿನಾ ಆರು ಗಂಟೆಗೆ ಹೋಗಿ ಅಳೆಯೋದು, ಹಿಮ ಎಷ್ಟು, ಚಳಿ ಎಷ್ಟು, ಗಾಳಿ ಎಷ್ಟು ಅಂತ ಲಿಫ್ಟಿನ ಹತ್ತಿರ ಬೋರ್ಡಿಗೆ ಬರೆಯೋದು... ಆಮೇಲೆ ನಿನ್ನ ಫೋನು. ಆರೂ ನಲವತ್ತಕ್ಕೆ. ಒಂದು ದಿನ ತಪ್ಪಿಸಿಲ್ಲ ನೀನು. "ಬುರ್ಗಿ, ಎಷ್ಟು?" ಗುಡ್ ಮಾರ್ನಿಂಗ್ ಇಲ್ಲ, ಹೇಗಿದೀಯ ಇಲ್ಲ. ಬುರ್ಗಿ, ಎಷ್ಟು.

ಇವತ್ತು ಫೋನು ಬೇಕಾಗಿಲ್ಲ. ಕೈಗವಸು ಬಿಚ್ಚಿ ನೀನೇ ಎಣಿಸಿದೆ. ಐವತ್ತೈದರ ಗೀರು, ಅದರ ಮೇಲೆ ಒಂದು ಬೆರಳಗಲ ಹಿಮ. "ಐವತ್ತೇಳು" ಅಂದೆ. ಬೋರ್ಡಿಗೆ ಬರೆಯುವಾಗ ಅವಸರಕ್ಕೆ ಏಳು ಹೋಗಿ ಒಂದರ ಥರ ಕಾಣಿಸ್ತು, ಅಳಿಸಿ ಮತ್ತೆ ಬರೆದೆ. ಐವತ್ತೇಳು ಮಾರಾಯ. ಒಣ ಹಿಮ, ಹಿಟ್ಟಿನ ಥರ... ಉಸಿರು ಬಿಟ್ರೆ ಹಾರುತ್ತೆ.

ಹಾಂ, ಹೌದು, ಹೋದ ಮಂಗಳವಾರ ಅರವತ್ತೆರಡು ಅಂದಿದ್ದೆ. ಅಂದಿದ್ದೆ. ಹಾಗಂತ ಐವತ್ತೇಳಕ್ಕೆ ಖುಷಿ ಪಡಬಾರದು ಅಂತ ಇದೆಯಾ? ಇದು ಹೊಸ ಹಿಮ ಮಾತ್ರ, ಆಗಲೇ ಹೇಳಿದ್ನಲ್ಲ. ಹಳೇದನ್ನ ನಿನ್ನೆ ಕೋಲಿನ ಸುತ್ತ ಗುಡಿಸಿ ತೆಗೆದಿದ್ದೆ, ಹೊಸದಕ್ಕೆ ಜಾಗ ಆಗಲಿ ಅಂತ. ನೀನೂ ಹೂಂ ಅಂದೆ.

ಗೋಟ್‌ಫ್ರೀಡ್‌ದು ಬಿಡು. ಇಪ್ಪತ್ತು ವರ್ಷದಿಂದ ಈ ಲಿಫ್ಟ್ ಓಡಿಸ್ತಿರೋನು, ಒಂದು ದಿನ ಸರಿಯಾಗಿ ನಗದೋನು, ಇವತ್ತು ನನ್ನನ್ನ ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ನೀನು ಪಕ್ಕದಲ್ಲೇ ನಿಂತಿದ್ದೆ. "ಮೂರು ವರ್ಷ, ಬುರ್ಗಿ, ಮೂರು ವರ್ಷ" ಅಂತ ಅಳ್ತಿದ್ದ. ಅದು... ಅವನ ಮಗಳಿಗೆ ಮದುವೆಯಾಗಿ ಮೂರು ವರ್ಷಕ್ಕೆ ಮಗು ಆಗಿದೆ. ಅದಕ್ಕೆ. ನಿನ್ನೆ ರಾತ್ರಿ ತಾನೇ. ಗಂಡು. ಅಲ್ಲ, ಹೆಣ್ಣು ಇರಬೇಕು, ಕೇಳೋದು ಮರೆತೆ.

ಲಾಡ್ನರ್ ಸದ್ದೂ ಕೇಳಿಸ್ತಾ? ಅದೇ, ಹೋಟೆಲಿನ ಲಾಡ್ನರ್. ಮನೆ ಚಪ್ಪಲಿ ಹಾಕ್ಕೊಂಡು ರಸ್ತೆ ಮಧ್ಯೆ ಕುಣೀತಿದ್ದ. ಕುಡಿದಿದ್ದ ಅಂತ ಕಾಣುತ್ತೆ. ಬೇಕರಿಯವಳು ಬಂದೋರಿಗೆಲ್ಲ ಕರಿದ ಕ್ರಾಪ್ಫೆನ್ ಬನ್ನು ಪುಕ್ಕಟೆ ಹಂಚ್ತಿದ್ಲು. ಜೇಬಲ್ಲಿ ಎರಡು ಇಟ್ಕೊಂಡಿದೀನಿ, ಇನ್ನೂ ಬಿಸಿ ಇದೆ, ಏಪ್ರಿಕಾಟ್ ಜಾಮ್ ತುಂಬಿರೋದು. ಯಾಕೆ ಪುಕ್ಕಟೆ ಅಂದ್ರೆ... ಕಾರ್ನಿವಲ್ ತಿಂಗಳಲ್ವಾ. ಫೆಬ್ರವರಿ. ಜನ ಹುಚ್ಚುಹುಚ್ಚಾಗಿ ಆಡ್ತಾರೆ. ಚರ್ಚಿನ ಗಂಟೆ ಎಂಟು ಗಂಟೆಗೆ ಅಷ್ಟೊತ್ತು ಹೊಡೀತಲ್ಲ, ಅದೂ... ಯಾರಿಗೋ ಏನೋ ಆಗಿರಬೇಕು. ಒಳ್ಳೇದೇ ಆಗಿರುತ್ತೆ.

ತಿನ್ನು. ಕೈ ಚಾಚು. ಸಕ್ಕರೆ ಪುಡಿ ಮೂಗಿಗೆ ಹತ್ತೀತು, ನಿಧಾನ.

ಲಾಡ್ನರ್ ಅಂದಮೇಲೆ ನೆನಪಾಯ್ತು. ನಾನು ಆಗ ತಾನೆ ಕೆಲಸಕ್ಕೆ ಸೇರಿದ್ದೆ. ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಅವನು ಹಣ್ಣಿನ ಸಾರಾಯಿ ಬಾಟಲಿ ಹಿಡ್ಕೊಂಡು ಅಳತೆ ಗುಡಿಸಲಿಗೆ ಬಂದಿದ್ದ. ರೂಮುಗಳು ಖಾಲಿ, ಬೋರ್ಡಲ್ಲಿ ಹತ್ತೇ ಹತ್ತು ಸೆಂಟಿಮೀಟರ್ ಜಾಸ್ತಿ ಬರಿ ಅಂತ ಗೋಗರೆದ. ನೀನು ಬಾಟಲಿ ತಗೊಂಡೆ. ನಾನು ಮೂಲೇಲಿ ನಿಂತು, ಆಯ್ತು, ಇವನೂ ಅಷ್ಟೇ ಅಂದ್ಕೊಂಡೆ. ನೀನು ಹೊರಗೆ ಹೋಗಿ ಬಾಟಲಿನ ಕೋಲಿನ ಬುಡದಲ್ಲಿ ಹಿಮಕ್ಕೆ ಒತ್ತಿ ನಿಲ್ಲಿಸಿದೆ. "ಇದು ಮುಳುಗಿದ ದಿನ ಬಾ, ಬರೀತೀನಿ" ಅಂದೆ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದೆ, "ಬುರ್ಗಿ, ಈ ಸಂಖ್ಯೆ ನಂಬಿಕೊಂಡು ಜನ ಬೆಟ್ಟ ಹತ್ತುತ್ತಾರೆ. ಒಂದು ಸೆಂಟಿ ಸೇರಿಸಿದ್ರೂ ನಾಳೆಯಿಂದ ನೀನು ಇಲ್ಲಿ ಇರಬೇಡ."

ನಾನು ಬೋರ್ಡಿಗೆ ಒಂದು ಸೆಂಟಿ ಸೇರಿಸಿಲ್ಲ. ಈ ಹನ್ನೆರಡು ವರ್ಷದಲ್ಲಿ, ಬೋರ್ಡಿಗೆ... ಒಂದೂ ಇಲ್ಲ. ಲಾಡ್ನರ್‌ನೇ ಕೇಳು ಬೇಕಾದ್ರೆ. ಹೋದ ವರ್ಷ ಜನವರೀಲಿ ನಾನು ಸೊನ್ನೆ ಅಂತ ಬರೆದಿದ್ದಕ್ಕೆ ಎರಡು ವಾರ ನನ್ನ ಜೊತೆ ಮಾತಾಡ್ಲಿಲ್ಲ...

ಅಲ್ಲ. ಸೊನ್ನೆ ಅಂದ್ರೆ... ಗಾಳಿ. ಗಾಳಿ ಸೊನ್ನೆ ಅಂತ.

ನೋಡು, ಮೂರನೇ ಕಂಬ ದಾಟಿದ್ವಿ. ಗಾಲಿ ಕಟಕಟ ಅಂತಲ್ಲ, ಅದೇ. ಬಲಕ್ಕೆ ಪೈನ್ ಮರಗಳು. ಕೊಂಬೆ ಕಾಣಲ್ಲ, ಪೂರ್ತಿ ಬಿಳಿ. ಒಂದು ಮರ ಈಗ ತಾನೇ ಮೈ ಕೊಡವಿಕೊಳ್ತು, ಧಪ್ ಅಂತ, ಕೇಳಿಸ್ತಾ? ಎಷ್ಟು ದಿನ ಆಗಿತ್ತು ಮಾರಾಯ ಆ ಸದ್ದು ಕೇಳಿ... ಎಷ್ಟು ದಿನ ಅಂದ್ರೆ, ಒಂದು ನಾಲ್ಕು ದಿನ ಆಗಿರಬೇಕು.

ತಿನ್ನೋದು ಯಾಕೆ ನಿಲ್ಲಿಸಿದೆ?

ಕಾಸಿಯಾನ್... ನಿನ್ನನ್ನ ಇಷ್ಟು ದಿನ ಕರೆಸಲಿಲ್ಲ ಅಂತ ಸಿಟ್ಟಾ? ಕರೆಸಬೇಕಿತ್ತು. ಮೊದಲ ಚಳಿಗಾಲ ನೀನು ಬರ್ತೀನಿ ಅಂದಾಗ ನನ್ನ ಮಂಡಿ ಉಳುಕಿತ್ತು. ಎರಡನೇ ಸಲ ಲಿಫ್ಟ್ ಕೆಟ್ಟಿತ್ತು. ಹೋದ ವರ್ಷ ಹಿಮಕುಸಿತದ ಭಯ ಅಂದೆ. ಆಮೇಲೆ ಮತ್ತೆ ಮಂಡಿ. ನೀನು ಪ್ರತಿ ಸಲ ಸರಿ ಬುರ್ಗಿ ಅಂದೆ, ಇನ್ನೊಂದು ಮಾತು ಕೇಳಲಿಲ್ಲ. ಮೊನ್ನೆ ನಾನೇ ಫೋನ್ ಮಾಡಿ, ಬಾ, ಈಗಲೇ ಬಾ, ಆಗ್ನೆಸ್‌ಗೆ ಕಾರು ತೆಗೆಯೋಕೆ ಹೇಳು ಅಂತ ಕಿರುಚಿದೆ. ಆಗಲೂ ಯಾಕೆ ಅಂತ ಕೇಳಲಿಲ್ಲ. ನಿನ್ನೆ ಸಂಜೆ ನನ್ನ ಮನೆ ಮುಂದೆ ಕಾರಿಂದ ಇಳಿದು, ಮುಖ ಮೇಲೆತ್ತಿ, ಬಾಯಿ ತೆರೆದು ನಿಂತುಬಿಟ್ಟೆ. ನಾಲಿಗೆ ಮೇಲೆ ಹಿಮ ಬೀಳಿಸ್ಕೊಂಡು. ಎಷ್ಟೊತ್ತು ನಿಂತೆ ಅಂದ್ರೆ ಆಗ್ನೆಸ್ ನನ್ನನ್ನ ನೋಡಿದ್ಲು, ನಾನು ಅವಳನ್ನ ನೋಡಿದೆ...

ದಿನಾ ಹಿಮ ಬೀಳೋ ಊರಿಗೆ ಬಂದವನು ಯಾಕೆ ಹಂಗೆ ನಿಲ್ಲಬೇಕು?

ಬೆಳಗ್ಗೆ ಕೋಲಿನ ಹತ್ತಿರ ಮಂಡಿಯೂರಿದೆಯಲ್ಲ. ತೋಳು ಪೂರ್ತಿ ಒಳಗೆ ಬಿಟ್ಟೆ. ಹಿಮದ ವಾಸನೆ ನೋಡ್ತಿದಾನೆ ಪಾಪ ಅಂದ್ಕೊಂಡೆ ನಾನು. ಅಡಿಯಲ್ಲಿ ಹುಲ್ಲು ಸಿಕ್ಕಿರಬೇಕು ನಿನಗೆ. ಸಿಕ್ಕೇ ಇರುತ್ತೆ. ನಾನು ಫೋನಲ್ಲಿ ಹೇಳಿದ ಲೆಕ್ಕದಲ್ಲಿ ಅಲ್ಲಿ ಎರಡೂವರೆ ಮೀಟರ್ ಹಳೇ ಹಿಮ ಇರಬೇಕಿತ್ತು. ಎರಡೂವರೆ ಮೀಟರ್ ನಾನೊಬ್ಬಳೇ ಪೊರಕೆ ಹಿಡಿದು ಗುಡಿಸಿದೆ ಅಂದೆ... ನೀನು ಹೂಂ ಅಂದೆ. ಗೋಟ್‌ಫ್ರೀಡ್ ಯಾಕೆ ಅತ್ತ ಅಂತ ಕೇಳಲಿಲ್ಲ. ಗಂಟೆ ಯಾಕೆ ಹೊಡೀತು ಅಂತ ಕೇಳಲಿಲ್ಲ. ಮೂರು ವರ್ಷ ಅಂದ್ರೇನು ಅಂತ ಕೇಳಲಿಲ್ಲ. ನಾನೇ ಹೇಳ್ತಾ ಹೋದೆ. ನೀನು ಒಂದೂ ಕೇಳಲಿಲ್ಲ.

ಗೊತ್ತಿತ್ತಾ?

ಮಾತಾಡಯ್ಯ.

...ಸರಿ, ನಾನೇ ಹೇಳ್ತೀನಿ. ಹಿಮ ಇರಲಿಲ್ಲ ಕಾಸಿಯಾನ್. ಮೂರು ಚಳಿಗಾಲ. ಬಿದ್ರೆ ನಾಲ್ಕು, ಆರು, ಮಧ್ಯಾಹ್ನಕ್ಕೆ ಕರಗಿ ನೀರು. ಹಿಮ ಉಗುಳೋ ಯಂತ್ರ ಹಾಕಿ ಬೆಟ್ಟಕ್ಕೆ ಒಂದು ಬಿಳಿ ಪಟ್ಟಿ ಬಳಿದಿದ್ವಿ, ಅಷ್ಟೇ. ಬೋರ್ಡಿಗೆ ನಾನು ನಿಜ ಬರೆದೆ. ನಿನಗೆ ಮಾತ್ರ...

ಮೊದಲ ಚಳಿಗಾಲದ ಡಿಸೆಂಬರ್‌ನಲ್ಲಿ ನಿನ್ನ ಕಣ್ಣಿನ ಆಪರೇಷನ್ ಕೈಕೊಟ್ಟು ಮೂರು ವಾರ ಆಗಿತ್ತು. ಹಿಂದಿನ ದಿನ ಆಗ್ನೆಸ್ ಫೋನ್ ಮಾಡಿ ಅತ್ತಿದ್ಲು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದಾರೆ, ನಾಲ್ಕು ದಿನದಿಂದ ತುತ್ತು ಮುಟ್ಟಿಲ್ಲ ಅಂತ. ಬೆಳಗ್ಗೆ ನಿನ್ನ ಫೋನು. "ಬುರ್ಗಿ, ಎಷ್ಟು?" ನಿನ್ನ ಧ್ವನಿ ಅಂತ ಗೊತ್ತಾಗಲೇ ಇಲ್ಲ ನನಗೆ. ಎದುರಿಗೆ ಕೋಲು ಬೆತ್ತಲೆ ನಿಂತಿತ್ತು, ಕೆಳಗೆ ಕೆಸರು. "ಮೂವತ್ತೆಂಟು" ಅಂದೆ. ಬಾಯಿಂದ ಬಂದುಬಿಡ್ತು. "ಒಣದಾ?" ಅಂದೆ ನೀನು. ಒಣದು, ಕಾಲಿಟ್ರೆ ಕಿರ್ ಅನ್ನುತ್ತೆ ಅಂದೆ. ನೀನು ಉಸಿರು ಬಿಟ್ಟಿದ್ದು ನನಗೆ ಇಲ್ಲೀವರೆಗೂ ಕೇಳಿಸ್ತು. ಮಧ್ಯಾಹ್ನ ಆಗ್ನೆಸ್ ಮತ್ತೆ ಫೋನ್ ಮಾಡಿದ್ಲು, ಅಪ್ಪ ಎದ್ದು ಕೂತು ಒಂದು ಬಟ್ಟಲು ಸೂಪ್ ಕುಡಿದ್ರು ಅಂತ. ಆಮೇಲೆ ಮಾರನೇ ದಿನ ಸೊನ್ನೆ ಅಂತ ನಾನು ಹೇಗೆ ಹೇಳಲಿ? ಮನೇಲಿ ರೇಡಿಯೊ ಹಾಕಬೇಡ ಅಂತ ಅವಳಿಗೂ ನಾನೇ ಹೇಳಿದ್ದು. ಅವಳನ್ನ ಬಯ್ಯಬೇಡ.

ನಾಳೆಯಿಂದ ಇಲ್ಲಿ ಇರಬೇಡ ಅಂತೀಯಾ? ಅನ್ನು. ಅನ್ನಿಸಿಕೊಳ್ಳೋಕೆ ತಯಾರಾಗೇ ಬಂದಿದೀನಿ. ಆದ್ರೆ ಇವತ್ತಿಂದು ನಾನು ಹೇಳಿದ್ದಲ್ಲ, ನೀನೇ ಎಣಿಸಿದ್ದು.

...ಯಾವಾಗಿಂದ? ಹೋದ ವರ್ಷದಿಂದನಾ? ಅದಕ್ಕೂ ಮೊದಲಾ?

ಅಯ್ಯೋ. ನೀರಿನ ಸದ್ದಾ? ಹೌದು, ಗುಡಿಸಲಿನ ಫೋನು ಇರೋದು ಕಿಟಕಿ ಪಕ್ಕ. ಅದರ ಮೇಲೇ ಸೂರಿನ ನೀರು ಹರಿಯೋ ದೋಣಿ. ನಾನು ಮೂವತ್ತೆಂಟು, ಒಣದು, ಮೈನಸ್ ಒಂಬತ್ತು ಅಂತ ಹೇಳ್ತಿದ್ದಾಗ ನನ್ನ ಹಿಂದೆ ತೊಟ್‌ತೊಟ್ ಅಂತ ನೀರು... ಬೂಟಿನ ಸದ್ದು ಕೇಳಿ ಹಿಮ ಎಷ್ಟು ಚಳಿ ಇದೆ ಅನ್ನೋ ಮನುಷ್ಯ ನೀನು. ನಿನಗೆ ಕೇಳಿಸದೇ ಇರುತ್ತಾ. ಮೊದಲ ದಿನವೇ ಕೇಳಿಸಿದೆ.

ಹಾಗಾದ್ರೆ ಸೂಪ್ ಯಾಕೆ ಕುಡಿದೆ? ಸುಳ್ಳು ಅಂತ ಗೊತ್ತಿದ್ದೂ ಮೂರು ಚಳಿಗಾಲ ದಿನಾ ಬೆಳಗ್ಗೆ ಯಾಕೆ ಕೇಳಿದೆ?

ಹೇಳಲ್ವಾ? ಬೇಡ, ಹೇಳಬೇಡ. ಒಂದು ನಿಮಿಷ ಇರು, ಕನ್ನಡಕ ಒರೆಸ್ಕೋತೀನಿ, ಒಳಗಿಂದ ಮಂಜು ಕಟ್ಟಿದೆ. ಹೋಗ್ಲಿ, ಬಂದುಬಿಡ್ತು. ಕಂಬಿ ಎತ್ತಿದೆ. ಸ್ಕೀ ಮೂತಿ ಮೇಲಕ್ಕೆ... ಈಗ ಏಳು. ಎದ್ದೆಯಾ? ನೇರ ನೇರ ನೇರ... ನಿಂತ್ವಿ. ಅಬ್ಬ. ಒಬ್ಬರೂ ಇಲ್ಲ ಕಣಯ್ಯ. ಒಂದು ಸ್ಕೀ ಗೆರೆ ಬಿದ್ದಿಲ್ಲ. ಅಡಿಗೆ ಯಂತ್ರದ ಹಿಮ ಇದೆ, ಕಲ್ಲು ತಾಗಲ್ಲ. ಈಗ ಕೇಳಿಸ್ಕೋ, ನಾನು ಮುಂದೆ ಹೋಗ್ತೀನಿ, ಮೂರು ಎಣಿಸಿ ನೀನು...

ಏಯ್. ಏಯ್, ಎಲ್ಲಿಗೆ? ನಾನಿನ್ನೂ ಹೇಳಿಲ್ಲ! ಕಾಸಿಯಾನ್, ಎಡಕ್ಕೆ, ಎಡಕ್ಕೆ... ಹಾಂ, ಹಾಗೇ... ಈಗ ಬಲಕ್ಕೆ... ಅಯ್ಯೋ ನಗ್ತಿದಾನೆ, ಹೋಗ್ತಾ ಹೋಗ್ತಾ ನಗ್ತಿದಾನೆ... ಬಿಡು, ನೇರಕ್ಕೆ ಹೋಗು! ಏನೂ ಅಡ್ಡ ಇಲ್ಲ, ಮುಂದೆ ಪೂರ್ತಿ ಹಿಮ... ನಿಜ ಹೇಳ್ತಿದೀನಿ, ಈ ಸಲ ನಿಜ!