ಕಹಳೆಗೆ ಬಂದ ರಾಗ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತಿದ್ದ ವಾದ್ಯದವರ ಮಾತಿಗೆ ದರ್ಜಿಯ ಕಿವಿ ನೆಟ್ಟಗಾಯಿತು. ದೊಡ್ಡ ಕಹಳೆ ಹೊತ್ತವಳು ಸಂಜೆಯ ಕುಣಿತದ ಸ್ವರಹಾಳೆಗಳನ್ನು ಯಂತ್ರಕ್ಕೆ ಕೊಡುತ್ತಿದ್ದಳು. ಅವಳ ಭಾವನ ಕಂಕುಳಲ್ಲಿ ಪಿಟೀಲಿತ್ತು.

“ರಾಗವೆಲ್ಲ ಕಹಳೆಗೇ ಬರೆದಿದ್ದೀಯಲ್ಲಮ್ಮ?”

“ಹೂಂ ಭಾವ. ಮದುವೆಯಾಗಿ ಬಂದಾಗಿಂದ ನಿಮ್ಮ ರಾಗದ ಹಿಂದೆ ಬರೀ ಭೋಂ ಭೋಂ ಊದಿದ್ದೀನಿ. ಸಾಕು.”

“ಆನೆ ಹಾಡಿದ ಹಾಗಿರುತ್ತೆ. ಜನ ನಗ್ತಾರೆ.”

“ಆನೆಗೂ ದೇವರೇ ದನಿ ಕೊಟ್ಟಿದ್ದು. ನಗಲಿ, ನಗ್ತಾನೇ ಕುಣೀಲಿ.”

“ನಾನು ಬೇಡ ಅಂದ್ರೆ?”

“ಕಹಳೆ ಇಲ್ಲೇ ಇದೆ. ನೀವೇ ಹೊತ್ಕೊಂಡು ಊದಿ.”

ಭಾವ ಕಹಳೆಯನ್ನೊಮ್ಮೆ ನೋಡಿದ. “ಹಾಗಾದ್ರೆ ಭೋಂ ಭೋಂ ಯಾರ ಪಾಲಿಗೆ?”

ಅವಳು ಯಂತ್ರದಿಂದ ಆಗಷ್ಟೇ ಬಂದ ಪಿಟೀಲಿನ ಬಿಸಿ ಸ್ವರಹಾಳೆಯನ್ನು ಅವನ ಕೈಗಿತ್ತು ಹೊರಟಳು. ಅದನ್ನು ಓದುತ್ತಾ ಮೆಟ್ಟಿಲಿಳಿದ ಭಾವ ಮೆಲ್ಲಗೆ ಭೋಂ ಭೋಂ ಎಂದದ್ದು ದರ್ಜಿಗೂ ಕೇಳಿಸಿತು.