ಗಾರೆ ಒಣಗುವ ಮುನ್ನ

...ಅಯ್ಯೋ, ತಾಳೋ ಲಾಪೊ! ಕುಂಚ ಕೆಳಗಿಡು ಮಾರಾಯ. ನನ್ನ ಮೂಗು, ಈ ನೆರೋಝೊನ ಮೂಗು, ಎಲ್ಲಿಗೂ ಓಡಿಹೋಗಲ್ಲ. ಇಡೀ ಫ್ಲಾರೆನ್ಸಿನಲ್ಲಿ ಇಷ್ಟು ದೊಡ್ಡ ಮೂಗು ಇನ್ಯಾರಿಗಿದೆ? ನಗ್ತೀಯಾ? ನಗು, ನಗು. ಮೊದಲು ಈ ಅಂಜೂರ ತಿನ್ನು. ತೆಸ್ಸಾ ಕೊಟ್ಟು ಕಳಿಸಿದ್ದಾಳೆ... ಥೂ, ಸುಳ್ಳು! ಅವಳ ಕಣ್ಣು ತಪ್ಪಿಸಿ ಎತ್ಕೊಂಡು ಬಂದೆ. ನನ್ನ ಹೆಂಡತಿ ನಿನಗೆ ಅಂಜೂರ ಕೊಡ್ತಾಳಾ? 'ಗೋಡೆಯೆಲ್ಲಾ ಬರೆದು ಮುಗೀತು, ನಿಮ್ಮ ಮುಖ ಒಂದಕ್ಕೇ ಇಷ್ಟು ದಿನವಾ? ಆ ಚಿತ್ರಗಾರ ಶುದ್ಧ ಸೋಮಾರಿ' ಅಂತ ಎದ್ದಾಗಿಂದ ಶುರು.

ಏನು, ಗಾರೆ ತೋರಿಸ್ತೀಯಾ? ಗೊತ್ತಪ್ಪಾ ಗೊತ್ತು. ಬೆಳಿಗ್ಗೆ ಮೆತ್ತಿದ್ದು ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಒಣಗಿತೋ, ಕೆರೆದು ಹಾಕಿ ನಾಳೆ ಹೊಸದು ಮೆತ್ತಬೇಕು. ಮೊನ್ನೆ ಹಾಗೇ ಆಯ್ತು... ನಿನ್ನೇನೂ ಹಾಗೇ ಆಯ್ತು. ನಾನೇನು ಮಾಡ್ಲಿ? ಕಾರ್ಡಿನಲ್ಲರ ಹೇಸರಗತ್ತೆ ಕಥೆ ಅರ್ಧಕ್ಕೆ ನಿಲ್ಲಿಸೋಕಾಗುತ್ತಾ! ನಿನ್ನ ಕೂಲಿ ಹಿಡ್ಕೊಂಡಿದ್ದೀನಾ? ಇಲ್ವಲ್ಲ. ಮತ್ತೆ?

ಆಯ್ತು, ಮೊಣಕಾಲೂರಿದೆ. ಬಾಲ ಯೇಸುವನ್ನು ನೋಡೋಕೆ ಬಂದ ಮೂರು ರಾಜರ ಹಿಂದೆ ಕೈಮುಗಿದ ಭಕ್ತ, ಅದು ನಾನು! ಬ್ಯಾಂಕಿನವನು ಭಕ್ತ! ಬಡ್ಡಿ ಪಾಪ ಅಂತಾರಲ್ಲ ಇಗರ್ಜಿಯವರು, ಅದಕ್ಕೇ ನಮ್ಮ ಮೇಜಿನ ಹತ್ತಿರ ಯಾರೂ ಬಡ್ಡಿ ಅನ್ನಲ್ಲ, 'ಉಡುಗೊರೆ' ಅಂತೀವಿ. ಸಾಲಗಾರ ಖುಷಿಯಿಂದ ಕೊಡೋ ಉಡುಗೊರೆ. ಖುಷಿಯಾಗದಿದ್ರೆ ನ್ಯಾಯಾಧೀಶರು ಖುಷಿ ಮಾಡಿಸ್ತಾರೆ! 'ಹಾಗಾದ್ರೆ ದೇವರಿಗೂ ಒಂದು ಉಡುಗೊರೆ ಕೊಡಪ್ಪಾ' ಅಂದ್ರು ಸನ್ಯಾಸಿ ಫ್ರಾ ಬೊನಾಕೊರ್ಸೊ. ಸನ್ಯಾಸಿಯಂತೆ, ನನಗಿಂತ ಪಕ್ಕಾ ವ್ಯಾಪಾರಿ! ಆ ಉಡುಗೊರೆಯೇ ಇಗರ್ಜಿಯೊಳಗಿನ ಈ ಪುಟ್ಟ ಗುಡಿ. ಕೆಳಗೆ ನನ್ನ ಗೋರಿಕಲ್ಲು. ಹೆಸರು ಕೆತ್ತಿ ಆಗಿದೆ, ಸತ್ತ ಇಸವಿಗೆ ಜಾಗ ಖಾಲಿ ಬಿಟ್ಟಿದ್ದಾರೆ. ಕಲ್ಲುಕುಟಿಗ ದಿನಾ ಬಂದು 'ಒಡೆಯರೇ, ಆರೋಗ್ಯವಾ?' ಅಂತ ಕೇಳ್ತಾನೆ. ಏನು ಅಕ್ಕರೆ ನೋಡು!

ಯಾಕೆ ಹಾಗೆ ನೋಡ್ತೀಯ? ನಡುಗ್ತಿದ್ದೀನಾ? ಕಲ್ಲಿನ ನೆಲ ತಣ್ಣಗಿದೆ ಕಣೋ. ನನ್ನ ವಯಸ್ಸಿನಲ್ಲಿ ನೀನು ಮೊಣಕಾಲೂರಿ ನೋಡು, ಗೊತ್ತಾಗುತ್ತೆ.

ನಮ್ಮಪ್ಪ ಇದ್ರಲ್ಲ, ಆಸೆಪಟ್ಟು ತೋಟದ ಮನೆ ಕಟ್ಟಿಸಿದ್ರು. ಕೊನೇ ಹೆಂಚು ಹೊದಿಸಿದ ದಿನ ಊಟಕ್ಕೆ ಕೂತವರು ಏಳಲೇ ಇಲ್ಲ. ಅಜ್ಜಿ ಎದೆ ಬಡ್ಕೊಂಡು ಹೇಳಿದ್ದು ಒಂದೇ ಮಾತು, 'ಗೂಡು ಮುಗೀತು, ಹಕ್ಕಿ ಸತ್ತಿತು.' ಮುದುಕಿಯರ ಮಾತು ಬಿಡು! ನಾನು ನಂಬಲ್ಲಪ್ಪ. ಯಾರು ನಂಬ್ತಾರೆ? ನೀನು ನಂಬ್ತೀಯಾ?

ಸರಿ, ಹೇಸರಗತ್ತೆಗೆ ಬರೋಣ. ಅದು ಸೇತುವೆ ಮಧ್ಯೆ ನಿಂತುಬಿಡ್ತು. ಕಾರ್ಡಿನಲ್ಲರು ಮೇಲೆ, ಹಿಂದೆ ಇಡೀ ಮೆರವಣಿಗೆ... ಲಾಪೊ? ಕರಣೆ ಯಾಕೆ ತಗೊಂಡೆ? ಏ, ಏ! ಕೆರೀತಿದ್ದೀಯಲ್ಲೋ! ಆಗಲೇ ಒಣಗಿತಾ? ತಡಿ, ಬೆರಳಿಟ್ಟು ನೋಡ್ತೀನಿ.

ಹಸಿ! ಇನ್ನೂ ಹಸೀನೇ ಇದೆಯಲ್ಲೋ! ಮೂಗು, ಗಲ್ಲ, ಟೋಪಿ ಎಲ್ಲಾ ಆರಾಮಾಗಿ ಬರೀಬಹುದಿತ್ತು. ಯಾಕೋ ಕೆರೆದೆ?

ಏನು, ಗೋರಿಕಲ್ಲಿನ ಆ ಖಾಲಿ ಜಾಗ ತೋರಿಸ್ತೀಯಾ?

ಓಹೋ. ನಾನು ಬೇಕಂತಲೇ ತಡ ಮಾಡ್ತಿರೋದು ಯಾವಾಗಿಂದ ಗೊತ್ತು ನಿನಗೆ?

...ತೆಸ್ಸಾಗೆ ಹೇಳ್ಬೇಡ. ಕೇಳಿದ್ರೆ ಗಾರೆ ಸರಿಯಿಲ್ಲ ಅನ್ನು. ತಗೋ, ಕೊನೇ ಅಂಜೂರ ನಿನಗೇ. ಅರ್ಧ ನನಗಾ? ಕೊಡು, ಕೊಡು. ನಾಳೆ ಬೇಗ ಬಾ ಮಾರಾಯ. ಹೇಸರಗತ್ತೆ ಇನ್ನೂ ಸೇತುವೆ ಮೇಲೇ ನಿಂತಿದೆ.