ಟಾನಿಕ್ ಪಟದ ಕೂಸು

ಹುಳು ಹಣ್ಣಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಹಣ್ಣಾದ ರೇಷ್ಮೆಹುಳು ಯಾರ ಮುಲಾಜಿಗೂ ಕಾಯುವುದಿಲ್ಲ, ಹೊತ್ತು ಮೀರಿದರೆ ಸಿಕ್ಕಲ್ಲೇ ಗೂಡು ಕಟ್ಟಿ ಕೆಡುತ್ತದೆ. ಹಾಗಾಗಿ ದೀಪ ಹಚ್ಚುವ ಹೊತ್ತಿಗೇ ಹೊಂಗನೂರಿನ ಆ ಮನೆಯ ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೂತು, ಹಣ್ಣುಹುಳು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಕರೆಂಟು ಹೋಗಿತ್ತು. ಎಮರ್ಜೆನ್ಸಿ ಲೈಟಿನ ಬೆಳಕು, ಹೆಂಚಿನ ಮೇಲೆ ಮಳೆಯ ಸದ್ದು. ಸೀರೆ ಜೋಲಿಯಲ್ಲಿ ಶ್ವೇತಳ ಎಳೆಗೂಸು ಮಲಗಿತ್ತು.

ಕೈಗೆ ಕೆಲಸವಿದ್ದರೂ ಬಾಯಿ ಸುಮ್ಮನಿರಬೇಕಲ್ಲ. ಮಧ್ಯಾಹ್ನ ಬಂದುಹೋದವನ ಸುದ್ದಿಯನ್ನು ಶ್ವೇತಳೇ ತೆಗೆದಳು.

"ಪಾಪ, ಬೈಕಲ್ಲಿ ಬಂದಿದ್ರು. ಟವೆಲ್ಲಲ್ಲಿ ಸುತ್ಕೊಂಡು ಒಂದು ಹಳೇ ಪಟ ತಂದಿದ್ರು, ಯಾವ್ದೋ ಟಾನಿಕ್ಕಿನ ಜಾಹೀರಾತಂತೆ. ತಾವರೆ ಮೇಲೆ ಗುಂಡುಗುಂಡಗೆ ಒಂದು ಮಗು ಕೂತೈತೆ, ಏನ್ ಕಲರ್ ಅಂತೀರಿ! 'ಇದು ಯಾರ ಮನೇದು ಗೊತ್ತೇನಮ್ಮ' ಅಂದ್ರು. ಗೊತ್ತಿಲ್ಲ ಅಂದು ಒಂದು ಲೋಟ ನೀರು ಕೊಟ್ಟೆ. ಹೋಗೋವಾಗ ಕಣ್ಣಲ್ಲಿ ನೀರು ಹಾಕ್ಕೊಂಡು ನನ್ ಕಾಲಿಗೆ ಬೀಳಕ್ಕೆ ಬಂದ್ಬುಟ್ರು!"

"ನೀರಿಗೇ ಇಂಗಾ? ಮಜ್ಜಿಗೆ ಕೊಟ್ಟಿದ್ರೆ ನಿಂಗೊಂದು ಗುಡಿ ಕಟ್ಸೋನು ಬುಡು," ಎಂದಳು ಅತ್ತೆ. ಎಲ್ಲರೂ ನಕ್ಕರು.

ಚಿಕ್ಕಲಕ್ಷ್ಮಮ್ಮಜ್ಜಿ ಮಾತ್ರ ನಗಲಿಲ್ಲ. ಅವಳು ಶ್ವೇತಳ ಗಂಡನ ಅಜ್ಜಿ, ಮನೆಮಂದಿಯನ್ನೆಲ್ಲ ಬೈಗುಳದಲ್ಲೇ ಸಾಕಿದವಳು. ಕೈಯಲ್ಲಿದ್ದ ಹುಳುವನ್ನು ತಟ್ಟೆಗೆ ವಾಪಸು ಬಿಟ್ಟಳು.

"ನಗ್ರವ್ವ, ನಗ್ರಿ... ಹಲ್ಲಿರೋಗಂಟ ನಗ್ರಿ. ಅವನ್ಯಾರು ಅಂತ ನಂಗೊತ್ತು. ಅನಂತರಾಜು ಅಂತ, ರಾಮನಗರದೋನು. ಕೈ ನಿಲ್ಲಿಸ್ಬ್ಯಾಡಿ, ಕಿವಿ ಇತ್ಲಾಗ್ ಕೊಡಿ.

"ತಿಪ್ಪಸಂದ್ರದಲ್ಲಿ ನಮ್ಮಕ್ಕ ಮಾಯಮ್ಮ ಇದ್ಲಲ್ಲ, ಅವಳ ಮೊದಲ್ನೇ ಗಂಡುಕೂಸು ಕೆಂಪ ಜ್ವರದಲ್ಲಿ ಹೋಗ್ಬುಡ್ತು. ಇನ್ನೂ ಅಂಬೆಗಾಲು. ಈಗ ನೀವು ಕೂಸು ಆಕಳಿಸಿದ್ರೆ ಒಂದು ಫೋಟೋ, ಸೀನಿದ್ರೆ ಒಂದು ಫೋಟೋ... ಆವಾಗ ಎಲ್ಲಿತ್ತು ತಾಯಿ? ಸತ್ತ ಕೂಸಿನ ಮುಖ ಹೆತ್ತೋಳ ಕಣ್ಣಲ್ಲೇ ಸವುದೋಗೋದು. ಅದಕ್ಕೇ ಹೆಂಗಸ್ರು ಒಂದು ದಾರಿ ಮಾಡ್ಕಂಡಿದ್ರು. ಔಷಧಿ ಅಂಗ್ಡೀಲಿ ಟಾನಿಕ್ ಪಟ ಪುಕ್ಕಟೆ ಕೊಡೋರು. ಕೆಳಗೆ ಟಾನಿಕ್ ಹೆಸ್ರಿರೋ ಪಟ್ಟಿ ಕತ್ರಿಸಿ ಬಿಸಾಕಿ, ಕೂಸಿಗೆ ಮಾತ್ರ ಕಟ್ಟು ಹಾಕ್ಸಿ ಗೋಡೆಗೆ ತಗಲಾಕೋರು. ಅವತ್ತಿಂದ ಅದೇ ಸತ್ತ ಮಗ. ಮಾರ್ನಮಿ ಅಮಾಸೆಗೆ ಅದರ ಮುಂದೆ ಹಾಲು ಮಡಗೋರು.

"ಆದ್ರೆ ಎಲ್ಲರ ಮನೇಲೂ ಅದೇ ಪಟ. ನನ್ನ ಕೂಸು ಯಾವ್ದು, ಅವಳ ಕೂಸು ಯಾವ್ದು? ಅದಕ್ಕೇ ಕಾಡಿಗೇಲಿ ದಿಷ್ಟಿ ಬೊಟ್ಟು. ಒಬ್ಬಳು ಹಣೆಗೆ, ಒಬ್ಬಳು ಗಲ್ಲಕ್ಕೆ, ಒಬ್ಬಳು ಅಂಗಾಲಿಗೆ... ನಮ್ಮಕ್ಕಂದು ಎಡಗೆನ್ನೆ. ಸತ್ತಿರೋ ಕೂಸಿಗೆ ಯಾರ ದಿಷ್ಟಿ ಆದೀತು ಅಂತೀರಾ? ಹೆತ್ತ ಕರುಳು ಕಣ್ರವ್ವ, ಅದಕ್ಕೆ ಬುದ್ಧಿ ಎಲ್ಲೈತೆ?

"ಈ ಅನಂತರಾಜೂಗೆ ಹಳೇ ಔಷಧಿ ಪಟಗಳ ಹುಚ್ಚು. ಕೆಮ್ಮಿನೌಷಧಿದು, ನೋವಿನೆಣ್ಣೇದು, ಜ್ವರದ ಗುಳಿಗೇದು... ಒಂದ್ರಲ್ಲಿ ಹುಲಿ ಕೆಡವಿರೋ ಪೈಲ್ವಾನ, ಇನ್ನೊಂದ್ರಲ್ಲಿ ಲಕ್ಷ್ಮಿ ಕೈಲಿ ಔಷಧಿ ಸೀಸೆ! ಕನಕಪುರ, ಮಾಗಡಿ, ಚನ್ನಪಟ್ಣ, ಊರೂರು ಅಲೆಯೋನು. ಕಳ್ಳನಲ್ಲ, ಕೆಟ್ಟೋನೂ ಅಲ್ಲ, ಆಸೆಬುರುಕ ಅಷ್ಟೆ. ಕೂಸಿನ ಪಟದ ಮೇಲಂತೂ ಪ್ರಾಣ. ಸಿಕ್ಕಿದ್ದೆಲ್ಲ ಪಟ್ಟಿ ಕತ್ರಿಸಿದ್ದೇ. 'ಹಳ್ಳಿ ಜನಕ್ಕೆ ಇದರ ಬೆಲೆ ಗೊತ್ತಿಲ್ಲ' ಅಂತ ಹೊಟ್ಟೆ ಉರಕೊಳ್ಳೋನು. ಯಾಕೆ ಕತ್ರಿಸವ್ರೆ ಅಂತ ಒಬ್ಬರನ್ನಾದ್ರೂ ಕೇಳುದ್ನಾ? ಊಹೂಂ. ಅಕ್ಕ ಊರಲ್ಲಿಲ್ದಾಗ ಅವಳ ಕಿರೀಮಗ ಬಾಲರಾಜು, ಹಳೇ ಕಸ ಹೋಗ್ಲಿ ಅಂತ ನಮ್ಮ ಪಟಾನೂ ಕೊಟ್ಬುಟ್ಟ. ಅನಂತರಾಜು ಮನೆಗೋಗಿ, ಹತ್ತಿ ಒದ್ದೆ ಮಾಡ್ಕಂಡು, ಮೆತ್ತಗೆ... ಒಂದೊಂದು ಪಟದ ಬೊಟ್ಟನ್ನೂ ಒರೆಸ್ಬುಟ್ಟ. ಕೊಳೆ ಅಂದ್ಕಂಡು.

"ಬೆಳಗ್ಗೆ ಎದ್ದು ಅವನ ಹೆಂಡ್ತಿ ರಮ್ಯಾ ತೊಟ್ಲು ನೋಡ್ತಾಳೆ, ಅವರ ಕೂಸಿನ ಹಣೇಲಿ ಕಾಡಿಗೆ ಬೊಟ್ಟು. ಅವಳು ಇಟ್ಟಿದ್ದಲ್ಲ. ಉಜ್ಜಿದ್ರೆ ಹೋಗ್ತಿಲ್ಲ. ಆಮೇಲೆ ಗಲ್ಲದಲ್ಲೊಂದು, ಎಡಗೆನ್ನೇಲೊಂದು, ಅಂಗಾಲಲ್ಲೊಂದು... ಹಾಲು ಕುಡೀತದೆ, ಅವ್ವನ ಎದೆ ಬತ್ತೋಗಂಗೆ ಕುಡೀತದೆ, ಆದ್ರೆ ಮೈ ಹತ್ತಲ್ಲ. ಹತ್ತೋದಾದ್ರೂ ಎಂಗೆ? ಆ ಒಂದು ಬಾಯಲ್ಲಿ ಎಷ್ಟು ಕೂಸುಗಳು ಕುಡೀತಿದ್ವೋ!

"ಪಟ ಈಸ್ಕಂಡ್ ಬರವ ಅಂತ ನಾನೂ ಅಕ್ಕನೂ ಹೋದೋ. ಗೋಡೆ ತುಂಬ ಅದೇ ಕೂಸು, ಸಾಲಾಗಿ. ಎಲ್ಲದಕ್ಕೂ ಒಂದೇ ನಗು. ಒಂದಕ್ಕೂ ಬೊಟ್ಟಿಲ್ಲ. ಅಕ್ಕ ಈ ಪಟ ಮುಟ್ತಾಳೆ, ಆ ಪಟ ಮುಟ್ತಾಳೆ, 'ನನ್ನ ಮಗ ಯಾವನಪ್ಪಾ... ಇವನಾ? ಇವನಾ?' ಅಂತಾಳೆ. ಆಗ... ರಮ್ಯಾ ಕಂಕುಳಲ್ಲಿದ್ದ ಕೂಸು ಅಕ್ಕನ ಕಡೀಕೆ ಎರಡೂ ಕೈ ಚಾಚ್ತು. ಅಕ್ಕ ಅದರ ಎಡಗೆನ್ನೆ ನೋಡುದ್ಲು, ಗೊತ್ತಾಗೋಯ್ತು. 'ಕೆಂಪಾ, ಬಾ ಮಗ, ಮನೆಗೋಗವ' ಅಂದ್ಲು. ಕೆನ್ನೆ ಬೊಟ್ಟು ಕರಗೋಯ್ತು. ಯಾರೋ ಹೇಳಿದ್ದಲ್ಲ, ನಾನೇ ಕಣ್ಣಾರೆ ಕಂಡಿದ್ದು.

"ಅನಂತರಾಜು ಅಕ್ಕನ ಕಾಲು ಹಿಡ್ಕಂಡ. 'ಮಿಕ್ಕವೂ ಹೋಗಂಗೆ ಮಾಡು ತಾಯಿ, ನನ್ ಕೂಸು ಸತ್ತೋಯ್ತದೆ.' ಅಕ್ಕ ಅಂದ್ಲು, 'ತಂದ ಮನೆಗೇ ತಕ್ಕೊಂಡೋಗಪ್ಪ, ಹೆತ್ತೋರು ಕರೀಲಿ.' 'ಹೆತ್ತೋಳೇ ಇಲ್ದಿದ್ರೆ?' ಅಂದ. ಅಕ್ಕ, ಪಾಪ, ಮುಂದೇನು ಅಂತ ಯೋಚ್ನೆ ಮಾಡ್ದೆ ಅಂದ್ಬುಟ್ಲು... 'ಹಸಿದ ಕೂಸು ಹೆಸ್ರೇನು ಕೇಳ್ತದೆ? ಎದೇಲಿ ಹಾಲಿರೋಳು ಯಾರಾದ್ರೂ ಅಕ್ಕರೇಲಿ ಬಾ ಅಂದ್ರೆ ಅವಳ ಹಿಂದೇನೇ ಹೋಯ್ತದೆ.'

"ಊರೂರು ತಿರುಗಿ ಒಂದೊಂದ್ನೇ ಮುಟ್ಟಿಸ್ದ. ಒಂದು ಉಳ್ಕಂಡ್ತು, ಅಂಗಾಲಿನ ಬೊಟ್ಟಿಂದು. ಆ ಮನೆ ಬಿದ್ದೋಗೈತೆ, ಹೆತ್ತೋಳು ಮಣ್ಣಾಗವಳೆ. ಇವನ ಕೂಸು ಕಡ್ಡಿಯಾಗೈತೆ, ಇವತ್ತೋ ನಾಳೆಯೋ ಅನ್ನಂಗೆ. ಈಗವನು ಬೈಕ್ ನಿಲ್ಸೋದು ಎಂಥ ಮನೆ ಮುಂದೆ ಗೊತ್ತಾ? ನನ್ನಂಥ ಮುದುಕೀರಿರೋ ಮನೆ ಮುಂದೆ ಅಲ್ಲ... ಅಂಗಳದಲ್ಲಿ ಕೂಸಿನ ಬಟ್ಟೆ ಒಣಗಾಕಿರೋ ಮನೆ ಮುಂದೆ. ಯಾರ ಮನೇದು ಅಂತ ಕೇಳೋದೆಲ್ಲ ನೆವ. ಅವನನ್ನ ಏನಂತ ಬೈಯ್ಲಿ? ನನ್ ಮರಿಮಗು ಅಂಗಾಗಿದ್ರೆ ನಾನೂ ಅದನ್ನೇ ಮಾಡ್ತಿದ್ನೋ ಏನೋ..."

ಶ್ವೇತಳ ಕೈ ಯಾವಾಗಲೋ ನಿಂತುಹೋಗಿತ್ತು. ಹುಳುವೊಂದು ಅವಳ ಬಳೆಗಳ ಮೇಲೆ ತಲೆಯಾಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತಿತ್ತು.

"ಮಗಾ," ಎಂದಳು ಅಜ್ಜಿ. "ಪಟ ನೋಡಿ ಏನಂದೆ?"

"ಏನಿಲ್ಲ ಅಜ್ಜಿ... ಕೂಸು ಕಂಡ್ರೆ ಎಲ್ರೂ ಅನ್ನೋ ಹಂಗೆ... ಬಾರೋ ಬಂಗಾರ ಅಂದೆ."

ಅಜ್ಜಿ ಲೈಟು ತೆಗೆದುಕೊಂಡು ಜೋಲಿಯ ಹತ್ತಿರ ಹೋಗಿ ಹೊದಿಕೆ ಸರಿಸಿದಳು.

"ಬೊಟ್ಟು ಎಲ್ಲಿಗಿಟ್ಟಿದ್ದೆ?"

"ಕೆನ್ನೆಗೆ. ಯಾವಾಗ್ಲೂ ಕೆನ್ನೆಗೇ ಇಡೋದು."

ಅಜ್ಜಿ ಕೂಸಿನ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. ಹೆಬ್ಬೆರಳಿಗೆ ಉಗುಳು ಹಚ್ಚಿ ಅಂಗಾಲನ್ನು ಒಮ್ಮೆ ಉಜ್ಜಿದಳು, ಮತ್ತೊಮ್ಮೆ ಉಜ್ಜಿದಳು. ಆಮೇಲೆ ಪಾದವನ್ನು ಮುಚ್ಚಿ ಮೊಮ್ಮಗನ ಹೆಂಡತಿಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಬೈಗುಳವಿಲ್ಲದ್ದನ್ನು ಶ್ವೇತ ಕೇಳಿದ್ದು ಅದೇ ಮೊದಲು.

"ಅಳಬ್ಯಾಡ ಕಂದ. ಎದ್ದು ಒಸಿ ಹಾಲು ಕಾಯಿಸ್ಕಂಡು ಕುಡಿ. ಇನ್ಮೇಲೆ ನೀನು ಇಬ್ಬರಿಗೆ ಕುಡಿಸ್ಬೇಕು."